ಫ್ರಿಜ್ಜಿನ ಗೂಡಿಗೆ ಅರ್ಧ ಪಾಸ್ಕಲ್

ಮಾಡ್ಯುಲರ್ ಕಿಚನ್ ಮಾಡಿಸುವವರಿಗೆ ಮೊದಲು ತೋರಿಸುವುದು ಕಂಪ್ಯೂಟರಿನಲ್ಲಿ ಬರೆದ ಒಂದು ಬಣ್ಣದ ಚಿತ್ರ. ಅದರಲ್ಲಿ ಫ್ರಿಜ್ ಎಂದರೆ ಬೂದು ಬಣ್ಣದ ಒಂದು ಆಯತ. ಎರಡು ಪಕ್ಕಕ್ಕೂ ಪ್ಲೈವುಡ್ ಹಲಗೆ, ತಲೆಯ ಮೇಲೆ ಲಾಫ್ಟಿನ ಎರಡು ಬಾಗಿಲು, ಕಾಲಬುಡದಲ್ಲಿ ಸ್ಕರ್ಟಿಂಗ್. ಎಲ್ಲಕ್ಕೂ ಒಂದೇ ಮೈಕಾ, ಎಲ್ಲವೂ ಒಂದೇ ಗೆರೆಯಲ್ಲಿ. ಮುಂದೆ ಬಡಗಿ ಬರುತ್ತಾರೆ. ಟೇಪು ಬಿಚ್ಚಿ ಫ್ರಿಜ್ಜಿನ ಅಗಲ, ಆಳ, ಎತ್ತರ ಬರೆದುಕೊಳ್ಳುತ್ತಾರೆ. ತಳ್ಳಿ ಕೂರಿಸುವಾಗ ಹಲಗೆ ತರಚದಿರಲಿ ಎಂದು ಅಗಲಕ್ಕೆ ನಾಲ್ಕು ನೂಲು ಸೇರಿಸುತ್ತಾರೆ. ಅಲ್ಲಿಗೆ ಅಳತೆ ಮುಗಿಯಿತು. ಸೀರೆಯ ಬೀರುವಿಗೂ ಪಾತ್ರೆಯ ಕಪಾಟಿಗೂ ಅಷ್ಟು ಸಾಕು, ಒಳಗಿಟ್ಟದ್ದು ಇಟ್ಟಂತೆ ಇರುತ್ತದೆ. ಫ್ರಿಜ್ ಹಾಗಿರುವುದಿಲ್ಲ. ಅದು ಹಗಲು ರಾತ್ರಿ ಬಿಸಿ ಕಕ್ಕುವ ಯಂತ್ರ. ಅದರ ಗೂಡನ್ನು ಕಪಾಟಿನ ಲೆಕ್ಕದಲ್ಲಿ ಕಟ್ಟಿದರೆ ಕೆಡುತ್ತದೆ. ಚಿಮಣಿಯ ಲೆಕ್ಕದಲ್ಲಿ ಕಟ್ಟಬೇಕು.

ಹಾಗೆ ನೋಡಿದರೆ ಮರಕ್ಕೂ ತಂಪಿಗೂ ಒಂದು ಕಾಲದಲ್ಲಿ ಒಳ್ಳೆಯ ಸ್ನೇಹವಿತ್ತು. ಅಮೆರಿಕದ ಮೇರಿಲ್ಯಾಂಡಿನ ರೈತ ಥಾಮಸ್ ಮೂರ್ 1803ರಲ್ಲಿ ‘ರೆಫ್ರಿಜರೇಟರ್’ ಎಂಬ ಹೆಸರಿಟ್ಟು ಪೇಟೆಂಟ್ ಪಡೆದದ್ದು ಒಂದು ಮರದ ತೊಟ್ಟಿಗೆ. ದೇವದಾರು ಜಾತಿಯ ಮರದ ತೊಟ್ಟಿಯೊಳಗೆ ತಗಡಿನ ಡಬ್ಬ, ಎರಡರ ನಡುವೆ ಮಂಜುಗಡ್ಡೆ, ಹೊರಗೆ ಮೊಲದ ಚರ್ಮ ಮತ್ತು ಒರಟು ಉಣ್ಣೆಯ ಹೊದಿಕೆ. ಜಾರ್ಜ್‌ಟೌನ್ ಸಂತೆಗೆ ಬೆಣ್ಣೆ ಕರಗದಂತೆ ಒಯ್ಯುವುದು ಅವನ ಉದ್ದೇಶ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಅಡುಗೆಮನೆಗಳಲ್ಲಿ ಇದ್ದದ್ದು ಐಸ್‌ಬಾಕ್ಸ್: ಓಕ್ ಮರದ ಕಪಾಟು, ಒಳಗೆ ತವರ ಅಥವಾ ಸತುವಿನ ತಗಡು, ನಡುವೆ ಮರದ ಹೊಟ್ಟೋ ಬೆಂಡೋ ತುಂಬಿದ ಗೋಡೆ. ಬಡಗಿಗಳೇ ಮಾಡಿದ ಪೀಠೋಪಕರಣ ಅದು. ನಮ್ಮ ಕಡೆಗೂ ಆ ಮಂಜು ಬಂದಿತ್ತು. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ‘ಟಸ್ಕನಿ’ ಹಡಗು ನಾಲ್ಕು ತಿಂಗಳು ಸಮುದ್ರದ ಮೇಲಿದ್ದು, ಹೇರಿದ 180 ಟನ್ನಿನಲ್ಲಿ ಸುಮಾರು 100 ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಯಲ್ಲಿ ಇಳಿಸಿತು. ಅಷ್ಟು ಉಳಿಸಿದ್ದರಲ್ಲಿ ಮರದ ಹೊಟ್ಟಿನ ಪಾಲು ದೊಡ್ಡದು. ಮದ್ರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಕಟ್ಟಿದ ಐಸ್‌ಹೌಸ್ ಇವತ್ತಿಗೂ ನಿಂತಿದೆ, ವಿವೇಕಾನಂದರ ಹೆಸರಿನಲ್ಲಿ.

ಮಂಜುಗಡ್ಡೆಯ ಪೆಟ್ಟಿಗೆಯನ್ನು ಎಷ್ಟು ಬಿಗಿಯಾಗಿ ಸುತ್ತಿದರೆ ಅಷ್ಟು ಒಳ್ಳೆಯದು. ಒಳಕ್ಕೆ ಬರುವ ಬಿಸಿಯನ್ನು ಮಂಜು ನುಂಗುತ್ತದೆ, ಕರಗಿ ನೀರಾಗಿ ತಳದ ಕೊಳವೆಯಿಂದ ಇಳಿದುಹೋಗುತ್ತದೆ. ಬಿಸಿಯನ್ನು ಹೊರಗೆ ಎಸೆಯುವ ಕೆಲಸವೇ ಅದಕ್ಕಿಲ್ಲ. ಆ ಕೆಲಸವನ್ನು ಬಾಸ್ಟನ್ನಿನ ಚಳಿಗಾಲ ಮೊದಲೇ ಮಾಡಿ ಕಳಿಸಿದೆ. ಯಂತ್ರ ಬಂದಾಗ ಈ ಲೆಕ್ಕವೇ ತಲೆಕೆಳಗಾಯಿತು. ಮಂಜು ನುಂಗುತ್ತಿದ್ದ ಬಿಸಿಯನ್ನು ಈಗ ಯಂತ್ರ ಅದೇ ಅಡುಗೆಮನೆಯಲ್ಲಿ, ಪೆಟ್ಟಿಗೆಯ ಬೆನ್ನಿನ ಆಚೆ, ಕಕ್ಕಬೇಕು. ಜೊತೆಗೆ ತಾನು ಕುಡಿದ ವಿದ್ಯುತ್ತನ್ನೂ ಬಿಸಿಯಾಗಿಯೇ ಬಿಡಬೇಕು.

ಮೊದಲ ಎಂಜಿನಿಯರುಗಳು ಇದನ್ನು ಮುಚ್ಚಿಡಲಿಲ್ಲ. ಜನರಲ್ ಎಲೆಕ್ಟ್ರಿಕ್ ಕಂಪನಿ 1927ರಲ್ಲಿ ಮಾರುಕಟ್ಟೆಗೆ ತಂದ ‘ಮಾನಿಟರ್ ಟಾಪ್’ ಎಂಬ ಫ್ರಿಜ್ಜಿನ ಚಿತ್ರ ನೋಡಿದವರಿಗೆ ನಗು ಬಂದೀತು. ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ, ನೆತ್ತಿಯ ಮೇಲೆ ದುಂಡನೆಯ ಕಬ್ಬಿಣದ ಗುಡಾಣ. ಹಳೆಯ ಯುದ್ಧನೌಕೆ ‘ಮಾನಿಟರ್’ನ ಫಿರಂಗಿ ಗೋಪುರದಂತೆ ಕಂಡಿತೆಂದು ಜನ ಆ ಹೆಸರಿಟ್ಟರು. ಗುಡಾಣದೊಳಗೆ ಕಂಪ್ರೆಸರ್, ಸುತ್ತಲೂ ಬಿಸಿ ಬಿಡುವ ಕೊಳವೆ. ಮೇಲೇರಬೇಕಾದ ಬಿಸಿ ಎಲ್ಲಕ್ಕಿಂತ ಮೇಲೆಯೇ ಹುಟ್ಟುತ್ತಿತ್ತು, ನೇರವಾಗಿ ಕೋಣೆಗೆ ಹೋಗುತ್ತಿತ್ತು. ಅದರ ತಲೆಯ ಮೇಲೆ ಯಾರೂ ಲಾಫ್ಟ್ ಕಟ್ಟುವಂತಿರಲಿಲ್ಲ. ನೋಡಲು ಸೊಗಸಲ್ಲದಿದ್ದರೂ ಭೌತಶಾಸ್ತ್ರದ ಮಟ್ಟಿಗೆ ಅದಕ್ಕಿಂತ ಪ್ರಾಮಾಣಿಕವಾದ ಫ್ರಿಜ್ ಆಮೇಲೆ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಮುಂದಿನ ದಶಕದಲ್ಲಿ ಅಂದ ಗೆದ್ದಿತು. ಯಂತ್ರ ಕೆಳಕ್ಕೆ ಇಳಿಯಿತು, ಬಿಸಿ ಬೆನ್ನ ಹಿಂದಕ್ಕೆ ಹೋಯಿತು.

ಭಾರತದಲ್ಲಿ ಗೋದ್ರೆಜ್ ಕಂಪನಿ ಫ್ರಿಜ್ ತಯಾರಿಸಲು ತೊಡಗಿದ್ದು 1958ರಲ್ಲಿ. ಆಗಲೂ, ಅದಾಗಿ ಬಹಳ ಕಾಲದವರೆಗೂ, ನಮ್ಮ ಮನೆಗಳಲ್ಲಿ ಫ್ರಿಜ್ ಇರುತ್ತಿದ್ದುದು ಹಾಲ್‌ನಲ್ಲಿ ಅಥವಾ ಊಟದ ಕೋಣೆಯಲ್ಲಿ. ಬಂದವರಿಗೆ ಕಾಣಲಿ ಎಂಬುದು ಒಂದು ಕಾರಣ, ಅಡುಗೆಮನೆಯಲ್ಲಿ ಜಾಗ ಇಲ್ಲದ್ದು ಇನ್ನೊಂದು. ತಲೆಯ ಮೇಲೆ ಕ್ರೋಶಾ ಹೆಣೆದ ಹೊದಿಕೆ, ಪಕ್ಕದಲ್ಲಿ ಗುಂಯ್ ಎನ್ನುವ ಸ್ಟೆಬಿಲೈಜರ್, ಬೆನ್ನಿಗೂ ಗೋಡೆಗೂ ನಡುವೆ ಕಸಬರಿಗೆ ಹೋಗುವಷ್ಟು ಸಂದು. ಯಾರೂ ಯೋಚಿಸದಿದ್ದರೂ ಯಂತ್ರಕ್ಕೆ ಬೇಕಾದ ಗಾಳಿ ಸಿಗುತ್ತಿತ್ತು. ಫ್ಲ್ಯಾಟುಗಳು ಬಂದು, ಫ್ರಿಜ್ ಅಡುಗೆಮನೆಗೆ ಹೊಕ್ಕು, ಮಾಡ್ಯುಲರ್ ಕಿಚನ್ ಅದನ್ನು ಮೂರು ಕಡೆಯಿಂದ ಅಪ್ಪಿಕೊಂಡ ಮೇಲೆ ಗಾಳಿಯನ್ನು ಲೆಕ್ಕ ಹಾಕಿ ಕೊಡಬೇಕಾಗಿದೆ.

ಎಷ್ಟು ಬಿಸಿ ಎಂದು ಮೊದಲು ನೋಡೋಣ. ಮಧ್ಯಮ ಗಾತ್ರದ ಎರಡು ಬಾಗಿಲಿನ ಫ್ರಿಜ್ ವರ್ಷಕ್ಕೆ 250 ಯೂನಿಟ್ ವಿದ್ಯುತ್ ಬಳಸುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗಳಿಗೆ ಹಂಚಿದರೆ ಸರಾಸರಿ 28 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಮಂದ ಬಲ್ಬಿನಷ್ಟು. ಆದರೆ ಸಾಮಾನ್ಯ ಕಂಪ್ರೆಸರ್ ಸದಾ ಓಡುವುದಿಲ್ಲ. ಗಂಟೆಯಲ್ಲಿ ಇಪ್ಪತ್ತು ನಿಮಿಷ ಓಡಿ ಉಳಿದ ಹೊತ್ತು ಸುಮ್ಮನಿರುತ್ತದೆ. ಓಡುವಾಗ ಅದು ಎಳೆಯುವುದು ಎಂಬತ್ತು ವ್ಯಾಟಿನಷ್ಟು. ಆ ಎಂಬತ್ತರ ಬಲದಿಂದ ಒಳಗಿನ ನೂರಿಪ್ಪತ್ತು ವ್ಯಾಟಿನಷ್ಟು ಬಿಸಿಯನ್ನು ಎತ್ತಿ ಹೊರಹಾಕುತ್ತದೆ. ಎರಡೂ ಸೇರಿ ಇನ್ನೂರು ವ್ಯಾಟ್ ಹೊರಮೈಯ ಕೊಳವೆಗಳಲ್ಲಿ ಇಳಿಯಬೇಕು. ಈ ಇನ್ನೂರನ್ನು ಗಂಟೆಯ ಮೇಲೆ ಹರಡಿದರೆ ಸುಮಾರು 65 ವ್ಯಾಟ್. ಮುಂದಿನ ಲೆಕ್ಕಕ್ಕೆ ಬೇಕಾದ ಸಂಖ್ಯೆ ಇದೇ.

ಈ ಬಿಸಿ ಎಲ್ಲಿಂದ ಹೊರಬೀಳುತ್ತದೆ ಎಂಬುದು ಫ್ರಿಜ್ಜಿನ ಮಾದರಿಯನ್ನು ಅವಲಂಬಿಸಿದೆ. ಹಳೆಯ ಒಂಟಿ ಬಾಗಿಲಿನವಕ್ಕೆ ಬೆನ್ನಿಗೆ ಕಪ್ಪು ಜಾಲರಿ ಇರುತ್ತದೆ. ಧೂಳು ಹಿಡಿದು ಬಲೆ ಕಟ್ಟಿದ್ದನ್ನು ಎಲ್ಲರೂ ಕಂಡಿರುತ್ತೇವೆ. ಈಗಿನ ಬಹುಪಾಲು ಫ್ರಾಸ್ಟ್-ಫ್ರೀ ಫ್ರಿಜ್ಜುಗಳಲ್ಲಿ ಆ ಕೊಳವೆ ಪಕ್ಕದ ತಗಡಿನ ಒಳಗಡೆಗೆ ಅಂಟಿಕೊಂಡಿರುತ್ತದೆ. ಬೆನ್ನು ನುಣುಪು, ಕಾಣಲು ಅಚ್ಚುಕಟ್ಟು. ಹೊಸ ಫ್ರಿಜ್ ತಂದವರು ‘ಸೈಡು ಮುಟ್ಟಿದರೆ ಬಿಸಿ, ಏನೋ ಕೆಟ್ಟಿದೆ’ ಎಂದು ಸರ್ವಿಸ್ ಸೆಂಟರಿಗೆ ಫೋನು ಮಾಡುವುದು ಇದಕ್ಕೇ. ಕೆಟ್ಟಿಲ್ಲ, ಹಾಗೆಯೇ ಮಾಡಿದ್ದಾರೆ. ಬಡಗಿ ನಾಲ್ಕು ನೂಲಿನ ಸಂದು ಬಿಟ್ಟು ಹಲಗೆ ನಿಲ್ಲಿಸುವುದು ಸರಿಯಾಗಿ ಆ ಬಿಸಿ ಪಕ್ಕಕ್ಕೇ. ಬೆನ್ನಿಗೆ ಬೇಕಾದಷ್ಟು ಜಾಗ ಬಿಟ್ಟು ಪಕ್ಕವನ್ನು ಬಿಗಿ ಮಾಡಿದ ಗೂಡುಗಳು ಬೇಕಾದಷ್ಟಿವೆ. ಗೂಡಿನ ನಕ್ಷೆ ಬರೆಯುವ ಮೊದಲು ಫ್ರಿಜ್ಜಿನ ಮೈ ಮುಟ್ಟಿ ನೋಡಬೇಕು.

ಸಂದು ಎಷ್ಟಿರಬೇಕು? ಬಿಸಿ ಗೋಡೆಯ ಪಕ್ಕದ ಗಾಳಿ ಬಿಸಿಯಾಗಿ, ಹಗುರಾಗಿ, ಗೋಡೆಗೆ ಅಂಟಿದ ತೆಳು ಪದರವಾಗಿ ಮೇಲೇರುತ್ತದೆ. ಆಳೆತ್ತರದ ಫ್ರಿಜ್ಜಿನ ಪಕ್ಕದಲ್ಲಿ, ಗೋಡೆ ಗಾಳಿಗಿಂತ ಹತ್ತು ಡಿಗ್ರಿ ಬಿಸಿಯಿದ್ದರೆ, ನೆತ್ತಿಯ ಹೊತ್ತಿಗೆ ಈ ಪದರ ಮೂರು ಸೆಂಟಿಮೀಟರಿನಷ್ಟು ದಪ್ಪವಾಗಿರುತ್ತದೆ. ಸಂದು ಅದಕ್ಕಿಂತ ಕಿರಿದಾದರೆ ಪದರ ಎದುರಿನ ಹಲಗೆಗೆ ಉಜ್ಜಿ ನಿಧಾನವಾಗುತ್ತದೆ; ಒಂದೂವರೆ ಸೆಂಟಿಮೀಟರಿಗೆ ಇಳಿದರೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನಿಂತ ಗಾಳಿ ಒಳ್ಳೆಯ ಶಾಖನಿರೋಧಕ. ಫ್ರಿಜ್ಜಿನ ಗೋಡೆಯೊಳಗೆ ಹಾಕುವ ಪಾಲಿಯುರಿಥೇನ್ ಫೋಮಿಗೂ ನಿಂತ ಗಾಳಿಗೂ ಬಿಸಿ ದಾಟಿಸುವುದರಲ್ಲಿ ಅಂಥ ವ್ಯತ್ಯಾಸವಿಲ್ಲ. ಬಿಸಿ ಬಿಡಬೇಕಾದ ಮೈಗೆ ಕಂಬಳಿ ಹೊದಿಸಿದ ಹಾಗೆ. ಕಂಪನಿಗಳ ಕೈಪಿಡಿಗಳಲ್ಲಿ ಪಕ್ಕಕ್ಕೆ ಐದು ಸೆಂಟಿಮೀಟರ್, ಮೇಲೆ ಹತ್ತು ಎಂಬಂಥ ಅಂಕಿ ಕಾಣುವುದು ಸುಮ್ಮನೆ ಅಲ್ಲ. ಮಾಡೆಲಿನಿಂದ ಮಾಡೆಲಿಗೆ ಅಂಕಿ ಬದಲಾಗುತ್ತದೆ. ಬಡಗಿಗೆ ಟೇಪಿನ ಜೊತೆಗೆ ಕೈಪಿಡಿಯ ಆ ಪುಟವನ್ನೂ ಕೊಡುವುದು ವಾಸಿ.

ಗಾಳಿ ಸಿಗದ ಗೂಡಿನಲ್ಲಿ ಏನಾಗುತ್ತದೆ? ಕೋಣೆ 28 ಡಿಗ್ರಿ, ಫ್ರಿಜ್ಜಿನ ಒಳಗೆ 4 ಡಿಗ್ರಿ ಇದ್ದರೆ ನಡುವಿನ ಅಂತರ 24. ಗೂಡಿನೊಳಗಿನ ಗಾಳಿ ಎಂಟು ಡಿಗ್ರಿ ಏರಿ 36 ಆದರೆ ಅಂತರ 32. ಗೋಡೆಯ ಮೂಲಕ ಒಳಕ್ಕೆ ಸೋರುವ ಬಿಸಿ ಅಂತರಕ್ಕೆ ತಕ್ಕಂತೆ ಇರುವುದರಿಂದ ಸೋರಿಕೆ ಮೂರನೇ ಒಂದರಷ್ಟು ಹೆಚ್ಚುತ್ತದೆ. ಮೈನಸ್ 18ರ ಫ್ರೀಜರಿನಲ್ಲಿ ಹೆಚ್ಚಳ ಇದರ ಅರ್ಧ. ಬಾಗಿಲು ಕೋಣೆಯ ಕಡೆಗಿರುವುದರಿಂದ ಅಷ್ಟು ಭಾಗ ಉಳಿಯುತ್ತದೆ. ಇದು ಒಂದು ಹೊರೆ. ಎರಡನೆಯದು, ಬಿಸಿಯನ್ನು ಈಗ ಇನ್ನೂ ಎತ್ತರಕ್ಕೆ ಎತ್ತಬೇಕು. ಒಳಗಿನ ಕೊಳವೆ ಮೈನಸ್ 25ರಲ್ಲೂ ಹೊರಗಿನದು 45ರಲ್ಲೂ ಇದ್ದರೆ, ಕಾರ್ನೋ ಸೂತ್ರದ ಪ್ರಕಾರ, ಯಾವ ಯಂತ್ರವೂ ಒಂದು ವ್ಯಾಟಿಗೆ ಮೂರೂವರೆ ವ್ಯಾಟಿಗಿಂತ ಹೆಚ್ಚು ಬಿಸಿ ಎತ್ತಲಾರದು. ಹೊರಗಿನದು 55ಕ್ಕೆ ಏರಿದರೆ ಈ ಮಿತಿ 3.1ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಮಿತಿಯ ಅರ್ಧ ಮುಟ್ಟಿದರೆ ಹೆಚ್ಚು, ಆದರೆ ಅವೂ ಇದೇ ಪ್ರಮಾಣದಲ್ಲಿ ಸೊರಗುತ್ತವೆ. ಎತ್ತಬೇಕಾದದ್ದು ಹೆಚ್ಚಿತು, ಎತ್ತುವ ಶಕ್ತಿ ಕುಂದಿತು. ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ಅದೇ ಗೂಡಿಗೆ ಇನ್ನಷ್ಟು ಬಿಸಿ ಸುರಿಯುತ್ತದೆ. ಗೂಡು ಪೂರ್ತಿ ಮುಚ್ಚಿಲ್ಲದಿದ್ದರೆ ಈ ಸುತ್ತು ಎಲ್ಲೋ ಒಂದು ಕಡೆ ಸಮತೋಲಕ್ಕೆ ಬಂದು ನಿಲ್ಲುತ್ತದೆ. ಪೂರ್ತಿ ಮುಚ್ಚಿದ್ದರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಕಾದು ಅದರ ರಕ್ಷಕ ಸ್ವಿಚ್ ಕಡಿದುಕೊಳ್ಳುತ್ತದೆ, ಆರಿದ ಮೇಲೆ ಮತ್ತೆ ಹತ್ತುತ್ತದೆ. ಆ ನಡುವೆ ಹಾಲು ಹುಳಿಯಾಗುತ್ತದೆ.

ಹಣದ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಮೂವತ್ತು ಪ್ರತಿಶತ ಹೆಚ್ಚಾದರೂ ವರ್ಷಕ್ಕೆ 75 ಯೂನಿಟ್, ತಿಂಗಳಿಗೆ ಆರು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಗಡಿಯಲ್ಲಿ ನಿಂತ ಮನೆಗೆ ಆ ಆರೂ ದೊಡ್ಡದೇ, ಆ ಮಾತು ಬೇರೆ. ನಿಜವಾದ ನಷ್ಟ ಕಂಪ್ರೆಸರಿನ ಆಯುಸ್ಸಿನಲ್ಲಿ. ಅದಕ್ಕಿಂತ ಹೆಚ್ಚಾಗಿ ಬೇಸಿಗೆಯಲ್ಲಿ. ಫ್ರಿಜ್ಜಿನ ಹಿಂದೆಯೋ ಒಳಗೋ ಅಂಟಿಸಿದ ಚೀಟಿಯಲ್ಲಿ ಎನ್, ಎಸ್‌ಟಿ, ಟಿ ಎಂಬ ಅಕ್ಷರಗಳಿರುತ್ತವೆ. ಹೊರಗಿನ ಗಾಳಿ ಎಷ್ಟು ಡಿಗ್ರಿಯವರೆಗೆ ಇದ್ದರೂ ಯಂತ್ರ ತನ್ನ ಕೆಲಸ ಮಾಡುತ್ತದೆ ಎಂಬ ಭರವಸೆ ಅದು: ಎನ್ ಎಂದರೆ 32, ಎಸ್‌ಟಿ ಎಂದರೆ 38, ಟಿ ಎಂದರೆ 43. ಈ ಅಂಕಿಗಳು ಫ್ರಿಜ್ಜನ್ನು ಮುಟ್ಟುವ ಗಾಳಿಗೆ ಅನ್ವಯಿಸುತ್ತವೆ, ಊರಿನ ಹವಾಮಾನಕ್ಕಲ್ಲ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯ ಅಡುಗೆಮನೆಯಲ್ಲಿ ಗೂಡು ಎಂಟು ಡಿಗ್ರಿ ಸೇರಿಸಿದರೂ 42. ಟಿ ವರ್ಗದ್ದು ಹೇಗೋ ನಿಭಾಯಿಸುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳಲ್ಲಿ ಮನೆಯೊಳಗೇ 38 ಇದ್ದಾಗ ಅದೇ ಗೂಡಿನೊಳಗೆ 46 ಆಗುತ್ತದೆ. ಬೆಂಗಳೂರಿನ ನಕ್ಷೆಯನ್ನು ಹಾಗೇ ಅಲ್ಲಿಗೆ ಒಯ್ದವರ ಮನೆಯಲ್ಲಿ ಐಸ್ ಗಟ್ಟಿಯಾಗದಿದ್ದರೆ ಫ್ರಿಜ್ಜನ್ನು ಬೈದು ಫಲವಿಲ್ಲ.

ಈಗ ಗಾಳಿಯ ಲೆಕ್ಕ. ಗೂಡಿನ ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ; ನಡುವೆ 1.8 ಮೀಟರ್ ಎತ್ತರದ ಬಿಸಿ ಗಾಳಿಯ ಕಂಬ. ಕೋಣೆಯ ಗಾಳಿಗಿಂತ ಅದು ಎಂಟು ಡಿಗ್ರಿ ಬಿಸಿ ಇದ್ದರೆ ಘನ ಮೀಟರಿಗೆ ಸುಮಾರು 30 ಗ್ರಾಂ ಹಗುರ. ಇಷ್ಟು ಹಗುರತನ ಇಷ್ಟು ಎತ್ತರದ ಮೇಲೆ ಕೊಡುವ ಒತ್ತಡ ಸುಮಾರು ಅರ್ಧ ಪಾಸ್ಕಲ್. ಮೇಜಿನ ಮೇಲೆ ಮಲಗಿದ ಒಂದೇ ಒಂದು ಜೆರಾಕ್ಸ್ ಹಾಳೆ ತನ್ನ ತೂಕದಿಂದ ಮೇಜನ್ನು ಒತ್ತುವುದು ಇದಕ್ಕಿಂತ ಹೆಚ್ಚು. ಇಡೀ ಗೂಡನ್ನು ತಣ್ಣಗಿಡಬೇಕಾದ ಬಲ ಇದೊಂದೇ, ಬೇರೆ ಎಂಜಿನ್ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಗೂಡಿನ ಉಳಿದ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ: ಇಷ್ಟು ಬಡ ಬಲವನ್ನು ಎಲ್ಲಿಯೂ ವ್ಯರ್ಥ ಮಾಡುವಂತಿಲ್ಲ.

ಯುರೋಪಿನಲ್ಲಿ ಗೂಡಿಗೆಂದೇ ಮಾಡಿದ ಫ್ರಿಜ್ಜುಗಳಿವೆ. ಅವುಗಳ ಗೂಡು 56 ಸೆಂಟಿಮೀಟರ್ ಅಗಲ, ಕನಿಷ್ಠ 55 ಸೆಂಟಿಮೀಟರ್ ಆಳ, ಬೆನ್ನ ಹಿಂದೆ ನಾಲ್ಕು-ಐದು ಸೆಂಟಿಮೀಟರಿನ ಗಾಳಿದಾರಿ. ಕೆಳಗೂ ಮೇಲೂ ಕನಿಷ್ಠ 200 ಚದರ ಸೆಂಟಿಮೀಟರಿನ ಕಿಂಡಿ ಎಂದು ಕೈಪಿಡಿಗಳು ಹೇಳುತ್ತವೆ. ನಮ್ಮ ಬಡಗಿಯ ಭಾಷೆಯಲ್ಲಿ ಎಂಟಿಂಚು ಅಗಲ, ನಾಲ್ಕಿಂಚು ಎತ್ತರ. 200 ಏಕೆ? ಲೆಕ್ಕ ಹಾಕಿ ನೋಡಬಹುದು. ಅರ್ಧ ಪಾಸ್ಕಲ್ ಅಷ್ಟು ದೊಡ್ಡ ಎರಡು ಕಿಂಡಿಗಳ ಅಡ್ಡಿಯನ್ನು ದಾಟಿ ತಳ್ಳುವ ಗಾಳಿ ಸೆಕೆಂಡಿಗೆ ಎಂಟು ಲೀಟರ್. ಎಂಟು ಲೀಟರ್ ಗಾಳಿ ಎಂಟು ಡಿಗ್ರಿ ಬಿಸಿಯಾಗಿ ಹೊರಬಿದ್ದರೆ ಹೊತ್ತೊಯ್ಯುವುದು ಸುಮಾರು 75 ವ್ಯಾಟ್. ನಮ್ಮ ಫ್ರಿಜ್ಜಿನ ಸರಾಸರಿ 65 ಇತ್ತು. ಸರಿಹೋಯಿತು, ಸ್ವಲ್ಪ ಕೈಬಿಟ್ಟು. ಕಿಂಡಿ ಅರ್ಧವಾದರೆ ಗಾಳಿ ಕಡಿಮೆಯಾಗುತ್ತದೆ, ಅದೇ ಬಿಸಿ ಹೊರಹೋಗಲು ಗೂಡು ಇನ್ನಷ್ಟು ಕಾಯಬೇಕಾಗುತ್ತದೆ. ಎರಡರಲ್ಲಿ ಒಂದೇ ಕಿಂಡಿ ಇದ್ದರೆ, ಅದು ಎಷ್ಟೇ ದೊಡ್ಡದಿರಲಿ, ಕಂಬ ಚಲಿಸುವುದೇ ಇಲ್ಲ. ಮೇಲೆ ಜಾಲಿ ಬಿಟ್ಟು ಕೆಳಗೆ ಸ್ಕರ್ಟಿಂಗ್ ಬಿಗಿದ ಗೂಡುಗಳು ಕೆಲಸ ಮಾಡದಿರುವುದು ಇದಕ್ಕೇ.

ಈ 200 ಎಂಬುದು ಗಾಳಿ ನಿಜವಾಗಿ ಹಾಯುವ ತೆರಪು. ಅಂದದ ಜಾಲಿ ಹಾಕಿದರೆ ಪಟ್ಟಿಗಳು ತಿನ್ನುವ ಜಾಗ ಕಳೆಯಬೇಕು. ಇಲಿ, ಜಿರಲೆ ಬಾರದಿರಲಿ ಎಂದು ಸೊಳ್ಳೆ ಜಾಲರಿ ಹೊಡೆದರೆ ಇನ್ನೂ ಕಳೆಯಬೇಕು. ಒಗ್ಗರಣೆಯ ಎಣ್ಣೆ ಹೊಗೆಯೂ ಧೂಳೂ ಸೇರಿ ಆ ಜಾಲರಿಯನ್ನು ಮೆತ್ತಿದ ಮೇಲೆ ಉಳಿಯುವುದು ಬಹಳ ಸ್ವಲ್ಪ. ಇಲಿಗೆ ತುಸು ದೊಡ್ಡ ಕಣ್ಣಿನ ತಂತಿ ಜಾಲರಿ ಸಾಕು, ಬಿಚ್ಚಿ ತೊಳೆಯುವಂತೆ ಇರಲಿ. ಜಿರಲೆಯನ್ನು ಜಾಲರಿಯಿಂದ ತಡೆಯುವ ಆಸೆ ಬಿಡುವುದೇ ಲೇಸು.

ನಮ್ಮಲ್ಲಿ ಹೆಚ್ಚಿನವರು ಕಟ್ಟಿಸುವುದು ಮುಂಭಾಗ ತೆರೆದ ಗೂಡು. ಫ್ರಿಜ್ಜಿನ ಬಾಗಿಲು ಕಾಣುತ್ತಿರುತ್ತದೆ. ಇದು ಸುಲಭದ ಕೆಲಸ. ಫ್ರಿಜ್ಜಿನ ತಲೆಗೂ ಲಾಫ್ಟಿನ ತಳಕ್ಕೂ ನಡುವೆ ಎರಡಿಂಚು ತೆರೆದಿಟ್ಟರೆ ಅರವತ್ತು ಸೆಂಟಿಮೀಟರ್ ಅಗಲಕ್ಕೆ 300 ಚದರ ಸೆಂಟಿಮೀಟರ್ ಸಿಕ್ಕಿತು. ಕೆಳಗೆ ಫ್ರಿಜ್ಜಿನ ಕಾಲುಗಳ ನಡುವಿನ ಸಂದಿನಿಂದ ಗಾಳಿ ಒಳಬರುತ್ತದೆ. ಕೆಡಿಸುವುದು ಫಿಲ್ಲರ್ ಪಟ್ಟಿ. ಎಲ್ಲ ಮುಗಿದ ಮೇಲೆ ಮನೆಯ ಯಜಮಾನರೋ ಯಜಮಾನತಿಯೋ ‘ಇಲ್ಲಿ ಕಪ್ಪಗೆ ಸಂದು ಕಾಣುತ್ತಲ್ಲ’ ಎನ್ನುತ್ತಾರೆ. ಬಡಗಿ ಉಳಿದ ತುಂಡು ಪ್ಲೈಗೆ ಮೈಕಾ ಅಂಟಿಸಿ ಮೂರೂ ಕಡೆ ಮುಚ್ಚಿಬಿಡುತ್ತಾರೆ. ಇಡೀ ಗೂಡಿನಲ್ಲಿ ಅತ್ಯಂತ ಅಗ್ಗದ ತುಂಡು ಅದು, ಕೊನೆಗೆ ದುಬಾರಿ ಬೀಳುವುದೂ ಅದೇ. ಪಕ್ಕದ ಸಂದನ್ನು ಮುಚ್ಚಲೇಬೇಕಿದ್ದರೆ ಮುಚ್ಚಿ; ತಲೆಯ ಮೇಲಿನದನ್ನು ಬಿಡಿ.

ಲಾಫ್ಟ್ ಇನ್ನೊಂದು ತಾಪತ್ರಯ. ಫ್ರಿಜ್ಜಿನ ಮೇಲಿನ ಕಪಾಟನ್ನು ಗೋಡೆಯವರೆಗೂ ಒಯ್ದರೆ ಬೆನ್ನಿನಿಂದ ಏರಿದ ಗಾಳಿ ಅದರ ತಳಕ್ಕೆ ಬಡಿದು ಮುಂದಕ್ಕೆ ತಿರುಗಬೇಕು. ಅದರ ಬದಲು ಲಾಫ್ಟಿನ ಆಳವನ್ನು ಮೂರು ಇಂಚು ಕಡಿಮೆ ಮಾಡಿ, ಹಿಂದೆ ಗೋಡೆಯುದ್ದಕ್ಕೂ ಗಾಳಿದಾರಿ ಬಿಟ್ಟು, ಸೂರಿನ ಹತ್ತಿರ ಹೊರಬಿಡುವುದು ಉತ್ತಮ. ಬಿಸಿ ಕಂಬ 1.8 ಮೀಟರ್ ಇದ್ದದ್ದು 2.4 ಆಗುತ್ತದೆ, ಅರ್ಧ ಪಾಸ್ಕಲ್ ಮುಕ್ಕಾಲಿನ ಹತ್ತಿರಕ್ಕೆ ಬರುತ್ತದೆ. ಕಳೆದುಕೊಳ್ಳುವುದು ಲಾಫ್ಟಿನಲ್ಲಿ ಮೂರಿಂಚು, ಅಲ್ಲಿ ಹೇಗೂ ಹಬ್ಬಕ್ಕೊಮ್ಮೆ ಇಳಿಸುವ ಪಾತ್ರೆ ಇರುವುದು. ಆದರೆ ಪಿಒಪಿ ಫಾಲ್ಸ್ ಸೀಲಿಂಗ್ ಇದ್ದರೆ ಎಚ್ಚರ. ಗಾಳಿದಾರಿಯನ್ನು ಅದರೊಳಕ್ಕೆ ಬಿಟ್ಟು ಕೈತೊಳೆದುಕೊಂಡರೆ ಗಾಳಿಗೆ ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲ. ಫಾಲ್ಸ್ ಸೀಲಿಂಗಿನ ಕೆಳಗೇ, ಲಾಫ್ಟ್ ಬಾಗಿಲಿನ ಮೇಲಂಚಿನಲ್ಲಿ ಕಿಂಡಿ ತೆರೆಯಬೇಕು.

ಇನ್ನು ಫ್ರಿಜ್ಜನ್ನೇ ಕಪಾಟಿನ ಬಾಗಿಲ ಹಿಂದೆ ಅಡಗಿಸುವ ಷೋಕಿ. ಇದಕ್ಕೆ ಬಿಲ್ಟ್-ಇನ್ ಫ್ರಿಜ್ ಬೇಕು, ಅವುಗಳ ಗಾಳಿದಾರಿ ಮೊದಲೇ ಯೋಚಿಸಿದ್ದು. ಅಮೆರಿಕದ ಸಬ್-ಜೀರೋ ಕಂಪನಿ 1950ರ ದಶಕದಿಂದ ಮಾಡುತ್ತ ಬಂದ ಬಿಲ್ಟ್-ಇನ್ ಮಾದರಿಗಳಲ್ಲಿ ಯಂತ್ರ ಮತ್ತೆ ನೆತ್ತಿಗೆ ಏರಿ, ಮುಂದಿನ ಜಾಲಿಯಿಂದಲೇ ಉಸಿರಾಡುತ್ತದೆ. ಪಕ್ಕದಿಂದ ಬಿಸಿ ಬಿಡುವ ಸಾಮಾನ್ಯ ಫ್ರಿಜ್ಜನ್ನು ಬಾಗಿಲ ಹಿಂದೆ ಕೂಡಿಹಾಕಿ ಫ್ಯಾನು ಹಾಕಿಸಿದರಾಯಿತು ಎನ್ನುವವರಿದ್ದಾರೆ. ಕಂಪ್ಯೂಟರಿನೊಳಗಿನ ನಾಲ್ಕೈದು ವ್ಯಾಟಿನ ಫ್ಯಾನು ಚಿಮಣಿಗಿಂತ ಹಲವು ಪಟ್ಟು ಗಾಳಿ ತಳ್ಳುತ್ತದೆ, ನಿಜ. ಅದು ಕೆಟ್ಟ ದಿನ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ ತೊಂದರೆ.

ಗೂಡಿನೊಳಗೆ ಬಿಸಿಯ ಜೊತೆ ತೇವವೂ ಹುಟ್ಟುತ್ತದೆ. ಫ್ರಾಸ್ಟ್-ಫ್ರೀ ಫ್ರಿಜ್ ತನ್ನ ಹಿಮವನ್ನು ತಾನೇ ಕರಗಿಸಿ, ಆ ನೀರನ್ನು ಕಂಪ್ರೆಸರಿನ ಬಳಿಯ ಒಂದು ತಟ್ಟೆಗೆ ಇಳಿಸುತ್ತದೆ. ಬಿಸಿಗೆ ಅದು ಆವಿಯಾಗುತ್ತದೆ. ಆ ಆವಿ ಹೋಗುವುದೂ ನಮ್ಮ ಅರ್ಧ ಪಾಸ್ಕಲ್ ಗಾಳಿಯ ಜೊತೆಗೇ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ತಟ್ಟೆಯ ನೀರೂ ಹೆಚ್ಚು, ಹೊರಗಿನ ಗಾಳಿಯೂ ಒದ್ದೆ. ಗಾಳಿ ನಿಂತ ಗೂಡಿನಲ್ಲಿ ಮೊದಲು ಬೂಷ್ಟು, ಆಮೇಲೆ ಹಲಗೆಯ ಅಂಚು ಉಬ್ಬುವುದು. ಪಾರ್ಟಿಕಲ್ ಬೋರ್ಡು ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಐಎಸ್ 710 ದರ್ಜೆಯ ಪ್ಲೈವುಡ್ ತಡೆದೀತು. ಇಡೀ ಗೂಡಿಗೆ ಅದು ಬೇಕಿಲ್ಲ. ತಳದ ಹಲಗೆಗೂ ಪಕ್ಕದವುಗಳ ಕೆಳತುದಿಗೂ ಬೇಕು, ಕತ್ತರಿಸಿದ ಅಂಚುಗಳಿಗೆಲ್ಲ ಪಟ್ಟಿ ಅಂಟಿಸಿರಬೇಕು.

ಕೆಳಗಿನ ಕಿಂಡಿಗೆ ಇನ್ನೊಂದು ಕಾರಣವಿದೆ, ಇದನ್ನು ಯಾರೂ ಹೇಳುವುದಿಲ್ಲ. ಓಜೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ, ಫ್ರಿಜ್ಜಿನ ಕೊಳವೆಗಳಲ್ಲಿ ಬಿಸಿ ಹೊರುತ್ತಿದ್ದ ಹಳೆಯ ಅನಿಲ ಫ್ರಿಯಾನ್ ಹೋಯಿತು. ಇಂದಿನ ಬಹುತೇಕ ಮನೆ ಫ್ರಿಜ್ಜುಗಳಲ್ಲಿ ಇರುವುದು ಐಸೊಬ್ಯುಟೇನ್, ಚೀಟಿಯ ಮೇಲೆ ಆರ್-600ಎ. ಅಡುಗೆ ಗ್ಯಾಸಿನ ಕುಲಕ್ಕೆ ಸೇರಿದ್ದು, ಉರಿಯುತ್ತದೆ, ಗಾಳಿಗಿಂತ ಎರಡು ಪಟ್ಟು ಭಾರ. ಒಂದು ಫ್ರಿಜ್ಜಿನಲ್ಲಿ 60 ಗ್ರಾಂ ಇದೆ ಎನ್ನೋಣ; ಸೋರಿದರೆ ಸುಮಾರು 25 ಲೀಟರ್ ಅನಿಲ. ಗಾಳಿಯಲ್ಲಿ ಶೇಕಡಾ 1.8ರಿಂದ 8.4ರ ನಡುವೆ ಇದ್ದಾಗ ಅದು ಹೊತ್ತಿಕೊಳ್ಳಬಲ್ಲದು. ಇಪ್ಪತ್ತು ಘನ ಮೀಟರಿನ ಅಡುಗೆಮನೆಯಲ್ಲಿ ಹರಡಿದರೆ ಶೇಕಡಾ 0.13ರಷ್ಟಾಗುತ್ತದೆ, ಭಯವಿಲ್ಲ. ಆದರೆ ಮುಚ್ಚಿದ ಗೂಡಿನೊಳಗೆ ಫ್ರಿಜ್ ತುಂಬಿ ಉಳಿಯುವ ಗಾಳಿ ಅರ್ಧ ಘನ ಮೀಟರೂ ಇಲ್ಲ. ಅಲ್ಲಿ ಅದೇ 25 ಲೀಟರ್ ಶೇಕಡಾ ಐದನ್ನು ದಾಟುತ್ತದೆ. ಸೋರಿಕೆ ಅಪರೂಪ, ಫ್ರಿಜ್ಜಿನ ಸ್ವಿಚ್ಚುಗಳನ್ನೂ ಕಿಡಿ ಹೊರಬೀಳದಂತೆ ಮಾಡಿರುತ್ತಾರೆ. ಹಾಗಿದ್ದರೂ ತಳದ ಕಿಂಡಿ ಇದ್ದರೆ ಭಾರದ ಅನಿಲ ತಾನಾಗಿ ಹೊರಗೆ ಹರಿದುಹೋಗುತ್ತದೆ. ಸ್ಟೆಬಿಲೈಜರನ್ನೂ ಪ್ಲಗ್ ಪಾಯಿಂಟನ್ನೂ ಗೂಡಿನ ತಳದಲ್ಲಿ ಇಡಬೇಡಿ; ಪಕ್ಕದ ಕಪಾಟಿನಲ್ಲಿ, ಕೈಗೆ ಸಿಗುವ ಎತ್ತರದಲ್ಲಿ ಇರಲಿ. ಫ್ರಿಜ್ಜನ್ನು ಎಳೆಯದೆ ಪ್ಲಗ್ ಕೀಳಲು ಬರಬೇಕು.

ಅಗಲದ ವಿಷಯದಲ್ಲಿ ಗೂಡು ಈಗಿರುವ ಫ್ರಿಜ್ಜಿಗಿಂತ ಮುಂದಿನದಕ್ಕೆ ಹೊಂದಬೇಕು. ಪ್ಲೈವುಡ್ ಇಪ್ಪತ್ತು ವರ್ಷ ನಿಲ್ಲುತ್ತದೆ, ಯಂತ್ರ ಅಷ್ಟು ಬಾಳುವುದು ಕಡಿಮೆ; ಮನೆಯವರು ಮುಂದೆ ಕೊಳ್ಳುವುದು ಸಾಮಾನ್ಯವಾಗಿ ಇನ್ನೂ ದೊಡ್ಡದನ್ನೇ. ಬಾಗಿಲು ತಿರುಗುವ ಪಕ್ಕದಲ್ಲಿ ಗೋಡೆ ಇದ್ದರೆ ಇನ್ನೂ ಹೆಚ್ಚು ಜಾಗ ಬೇಕು. ಬಾಗಿಲು ಬರೀ ತೊಂಬತ್ತು ಡಿಗ್ರಿ ತೆರೆದರೆ ತರಕಾರಿ ಟ್ರೇ ಪೂರ್ತಿ ಹೊರಬರುವುದಿಲ್ಲ, ತೊಳೆಯಲು ಇಡೀ ಫ್ರಿಜ್ಜನ್ನೇ ಹೊರಗೆಳೆಯಬೇಕಾಗುತ್ತದೆ.

ಕಟ್ಟಿಸಿದ ಗೂಡು ಉಸಿರಾಡುತ್ತಿದೆಯೇ ಎಂದು ತಿಳಿಯಲು ಎರಡು ಅಗ್ಗದ ಥರ್ಮಾಮೀಟರ್ ಸಾಕು. ಒಂದು ಫ್ರಿಜ್ಜಿನ ತಲೆಯ ಮೇಲೆ ಹಿಂಬದಿಗೆ, ಇನ್ನೊಂದು ಒಲೆಯಿಂದ ದೂರ ಕೋಣೆಯಲ್ಲಿ. ಬೇಸಿಗೆಯ ಮಧ್ಯಾಹ್ನ ಎರಡನ್ನೂ ಓದಿ. ಐದಾರು ಡಿಗ್ರಿಯ ಅಂತರವಿದ್ದರೆ ಚೆನ್ನಾಗಿದೆ, ಹತ್ತು ದಾಟಿದರೆ ಎಲ್ಲೋ ಕಟ್ಟಿದೆ. ಎಲ್ಲಿ ಎಂದು ಹುಡುಕಲು ಟಿಶ್ಯೂ ಕಾಗದದ ತೆಳು ಪಟ್ಟಿಯನ್ನು ಕೆಳಗಿನ ಕಿಂಡಿಯ ಮುಂದೆ ಹಿಡಿಯಿರಿ. ಕಂಪ್ರೆಸರ್ ಓಡುವಾಗ ಅದು ಒಳಕ್ಕೆ ವಾಲಬೇಕು, ಮೇಲಿನ ಕಿಂಡಿಯ ಹತ್ತಿರ ಹೊರಕ್ಕೆ. ಊದುಬತ್ತಿಯ ಹೊಗೆ ಇನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಐಸೊಬ್ಯುಟೇನಿನ ಮಾತು ಆಡಿದ ಮೇಲೆ ಫ್ರಿಜ್ಜಿನ ಬುಡದಲ್ಲಿ ಕೆಂಡ ಹಿಡಿಯಿರಿ ಎನ್ನಲಾರೆ. ಪಟ್ಟಿ ಅಲುಗದಿದ್ದರೆ ಮೊದಲು ತಲೆಯ ಮೇಲಿನ ಫಿಲ್ಲರ್ ಕಿತ್ತು ನೋಡಿ. ಆಗಲೂ ಅಲುಗದಿದ್ದರೆ ಸ್ಕರ್ಟಿಂಗ್ ಕೊಯ್ಯಿಸಬೇಕು. ಜಿಗ್‌ಸಾ ಇರುವ ಬಡಗಿಗೆ ಒಂದು ಗಂಟೆಯ ಕೆಲಸ.